ನಡಿಗೆಯೂ ಒಂದು ವಿದ್ಯೆ

ರಜೆಯ ದಿನ ಬೆಟ್ಟ ಹತ್ತಿ, ಮರುದಿನ ಕೆಲಸಕ್ಕೆ ನಿಲ್ಲಬೇಕಾದವರಿಗೆ ಕೆಲವು ಮಾತುಗಳು

ಮಳೆಗಾಲವು ಹಿಂದೆ ಸರಿದು ಸಹ್ಯಾದ್ರಿಯ ಮೈ ಇನ್ನೂ ಹಸುರಾಗಿರುವ ದಿನಗಳಲ್ಲಿ, ಮುಂಬಯಿಯಿಂದ ಕರ್ಜತ್ ಮತ್ತು ಕಸಾರಾ ಕಡೆಗೆ ಹೊರಡುವ ಮುಂಜಾನೆಯ ಗಾಡಿಗಳನ್ನು ಒಮ್ಮೆ ನೋಡಬೇಕು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ನೀರಿನ ಬಾಟಲಿ, ಬಾಯಿತುಂಬ ಮಾತು. ಹೀಗೆ ಗುಂಪುಗುಂಪಾಗಿ ಬೆಟ್ಟದ ಕಡೆಗೆ ಹೊರಟ ತರುಣರಲ್ಲಿ ನಮ್ಮ ಕನ್ನಡದ ಹುಡುಗರೂ ಅನೇಕರಿರುತ್ತಾರೆ. ಹೋಟೇಲಿನ ಮಾಣಿಗಳು, ಗಲ್ಲೆಯ ಮೇಲಿನವರು, ಬ್ಯಾಂಕಿನ ಕಾರಕೂನರು, ಖಾಸಗಿ ಕಂಪನಿಗಳ ಗುಮಾಸ್ತರು, ಇವರೆಲ್ಲ ವಾರಕ್ಕೊಮ್ಮೆ ದೊರೆಯುವ ಬಿಡುವನ್ನು ಸಿನೆಮಾ ಮಂದಿರದ ಕತ್ತಲೆಯಲ್ಲಿ ಕಳೆಯದೆ ಬೆಟ್ಟದ ಗಾಳಿಯಲ್ಲಿ ಕಳೆಯಬಯಸುವುದು ಸಂತೋಷದ ಸಂಗತಿಯೇ ಸರಿ.

ಆದರೆ ಈ ಸಂತೋಷಕ್ಕೆ ಇನ್ನೊಂದು ಮುಖವೂ ಉಂಟು. ರವಿವಾರ ಬೆಟ್ಟ ಹತ್ತಿದವನು ಸೋಮವಾರ ಬೆಳಗಿನ ಐದು ಗಂಟೆಗೆ ಹೋಟೇಲಿನ ಬಾಗಿಲು ತೆರೆಯಬೇಕು. ಮೈನೋವಾದರೋ ಆ ದಿನ ಸ್ವಲ್ಪ ತಲೆಯೆತ್ತಿ, ಮಂಗಳವಾರ ಪೂರ್ಣವಾಗಿ ಎದ್ದು ನಿಲ್ಲುತ್ತದೆ. ತೊಡೆ ಕಲ್ಲಾಗಿರುತ್ತದೆ, ಮೆಟ್ಟಲಿಳಿಯಲು ಗೋಡೆ ಹಿಡಿಯಬೇಕಾಗುತ್ತದೆ, ಹಿಮ್ಮಡಿಯ ನೀರುಗುಳ್ಳೆ ಒಡೆದು ಉರಿಯುತ್ತದೆ. ಕಾರಕೂನನಿಗೆ ಕುಳಿತುಕೊಳ್ಳಲು ಒಂದು ಕುರ್ಚಿಯಾದರೂ ಇದೆ. ನಾಲ್ಕು ತಟ್ಟೆಗಳನ್ನು ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುವವನಿಗೆ ಅದೂ ಇಲ್ಲ. ಎರಡು ದಿನ ಕುಂಟಿದರೆ ಮಾಲೀಕನ ಮೋರೆ ಕೆಡುತ್ತದೆ. ಮೂರನೆಯ ದಿನ ಮಲಗಿದರೆ ಸಂಬಳ ಕಡಿಯುತ್ತದೆ. ಅಲ್ಲಿಗೆ ಆ ಹುಡುಗನು ಬೆಟ್ಟಕ್ಕೊಂದು ಕೈಮುಗಿದು, ಮುಂದೆ ಆ ಹೆಸರೆತ್ತುವುದಿಲ್ಲ.

ಹೋಟೇಲಿನ ನೆಲದ ಮೇಲೆ ಹಲವು ವರ್ಷ ನಿಂತು ಆ ತರುವಾಯ ಪತ್ರಿಕೆಯ ಮೇಜಿಗೆ ಬಂದ ನಮಗೆ ಈ ಕಷ್ಟದ ಪರಿಚಯ ಚೆನ್ನಾಗಿದೆ. ಇದಕ್ಕೆ ಕಾರಣ ಮೈಯಲ್ಲಿ ಬಲವಿಲ್ಲದಿರುವುದಲ್ಲ. ದೂರ ನಡೆಯುವುದಕ್ಕೆ ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ಮಿತವ್ಯಯ. ಹೆಜ್ಜೆಯನ್ನು ಹೇಗೆ ಇಡಬೇಕು, ಎಷ್ಟು ಇಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕಲಿತವನು ತನಗಿಂತ ಬಲಿಷ್ಠನಾದವನನ್ನು ಸಂಜೆಯ ಹೊತ್ತಿಗೆ ಹಿಂದೆ ಹಾಕುತ್ತಾನೆ. ಮಾತ್ರವಲ್ಲ, ಮರುದಿನ ಕೆಲಸಕ್ಕೂ ಸರಿಯಾಗಿ ನಿಲ್ಲುತ್ತಾನೆ.

ನಿಲ್ಲುವ ಕಾಲು ಬೇರೆ, ನಡೆಯುವ ಕಾಲು ಬೇರೆ

"ದಿನಕ್ಕೆ ಹನ್ನೆರಡು ಗಂಟೆ ಕಾಲಮೇಲೆ ಇರುವವರಿಗೆ ನಡಿಗೆಯನ್ನು ಕಲಿಸುವುದುಂಟೆ?" ಎಂದು ಕೆಲವರು ನಗಬಹುದು. ಇಲ್ಲಿಯೇ ಮೊದಲನೆಯ ತಪ್ಪು ತಿಳಿವಳಿಕೆ. ನಿಲ್ಲುವುದೂ ನಡೆಯುವುದೂ ಒಂದೇ ಅಲ್ಲ. ನಡೆಯುವಾಗ ಮೀನಖಂಡದ ಸ್ನಾಯುಗಳು ಒತ್ತಿ ಸಡಿಲುತ್ತ ಕಾಲಿನ ರಕ್ತವನ್ನು ಪಂಪಿನಂತೆ ಮೇಲಕ್ಕೆ ತಳ್ಳುತ್ತವೆ. ಒಂದೇ ಕಡೆ ನಿಂತಾಗ ಆ ಪಂಪು ಕೆಲಸ ಮಾಡುವುದಿಲ್ಲ. ರಕ್ತವು ಕೆಳಗೆ ತಂಗುತ್ತದೆ, ಪಾದ ಊದುತ್ತದೆ. ದೋಸೆಕಲ್ಲಿನ ಮುಂದೆ ವರ್ಷಗಟ್ಟಲೆ ನಿಂತವರ ಕಾಲಿನಲ್ಲಿ ನೀಲಿ ನರಗಳು ಹಗ್ಗದಂತೆ ಎದ್ದಿರುವುದನ್ನು ನಮ್ಮಲ್ಲಿ ಬಹುಮಂದಿ ಕಂಡಿದ್ದಾರೆ.

ಹೋಟೇಲಿನೊಳಗಿನ ಓಡಾಟವೂ ನಾಲ್ಕು ಹೆಜ್ಜೆ ಹೋಗಿ ತಿರುಗುವ, ನಿಲ್ಲುವ, ಬಗ್ಗುವ ಓಡಾಟ. ಅದರ ನೆಲ ಸಮತಟ್ಟು, ದಾರಿ ಪರಿಚಿತ. ಬೆಟ್ಟದ ದಾರಿಯಲ್ಲಿ ಒಂದು ಹೆಜ್ಜೆಯಂತೆ ಇನ್ನೊಂದು ಇರುವುದಿಲ್ಲ. ಆದುದರಿಂದ ದಿನವಿಡೀ ನಿಲ್ಲುವವನು ಸಹನೆಯಲ್ಲಿ ಮುಂದಿರಬಹುದಾದರೂ ದೂರದ ನಡಿಗೆಯನ್ನು ಅವನೂ ಬೇರೆಯಾಗಿಯೇ ಕಲಿಯಬೇಕು. ಕುಳಿತು ಕೆಲಸ ಮಾಡುವ ಕಾರಕೂನನಿಗಂತೂ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಹೆಜ್ಜೆಯ ಲೆಕ್ಕ

ಮುಂಬಯಿಯವರಿಗೆ ಅತ್ಯಂತ ಹತ್ತಿರದ ಉದಾಹರಣೆಯೆಂದರೆ ಮಾಥೇರಾನ್. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟನ ಕಣ್ಣಿಗೆ ಬಿದ್ದು ಪ್ರಸಿದ್ಧಿಗೆ ಬಂದ ಈ ಗಿರಿಧಾಮವು ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ. ಪೀರಭಾಯಿ ಮನೆತನದವರ ಸಾಹಸದಿಂದ 1907ರಲ್ಲಿ ಪ್ರಾರಂಭವಾದ ಎರಡಡಿ ಅಗಲದ ಹಳಿಯ ಪುಟ್ಟ ರೈಲಿನ ಮೂಲಕ ಇದರ ಹೆಸರನ್ನು ಎಲ್ಲರೂ ಬಲ್ಲರು. ನೇರಳ್ ನಿಲ್ದಾಣದಲ್ಲಿಳಿದು ಮೋಟಾರು ರಸ್ತೆಯನ್ನು ಹಿಡಿದರೆ ಮಾಥೇರಾನಿನ ಪೇಟೆಗೆ ಹತ್ತಿರ ಹತ್ತಿರ 11 ಕಿಲೋಮೀಟರು. ಏರು 750 ಮೀಟರಿನ ಆಸುಪಾಸು. ದಸ್ತೂರಿ ನಾಕಾದಿಂದ ಮುಂದೆ ಖಾಸಗಿ ಮೋಟಾರುಗಳಿಗೆ ಪ್ರವೇಶವಿಲ್ಲದ ಕಾರಣ ಕೊನೆಯ ಭಾಗವು ಮರಗಳ ನೆರಳಿನಲ್ಲಿ, ಕೆಂಪು ಮಣ್ಣಿನ ಮೇಲೆ ಸಾಗುತ್ತದೆ. (ರೈಲಿನ ಹಳಿಯ ಮೇಲೆ ನಡೆಯುವ ದುರಭ್ಯಾಸ ಬೇಡ, ಅದು ಅಪಾಯವೂ ಹೌದು, ಅಪರಾಧವೂ ಹೌದು.)

ಸಾಧಾರಣ ಎತ್ತರದ ಮನುಷ್ಯನು ಏರುದಾರಿಯಲ್ಲಿ ಇಡುವ ಹೆಜ್ಜೆ ಎರಡಡಿ ಎಂದಿಟ್ಟುಕೊಳ್ಳಿ. 11 ಕಿಲೋಮೀಟರಿಗೆ ಸುಮಾರು 18,000 ಹೆಜ್ಜೆಗಳಾದವು. ಹೋಗಿ ಬರುವುದಕ್ಕೆ 36,000. ಒಂದು ಹೆಜ್ಜೆಯಲ್ಲಿ ಆಗುವ ಸಣ್ಣ ನಷ್ಟವು ಅಷ್ಟು ಸಾವಿರ ಸಲ ಪುನರಾವರ್ತನೆಯಾಗುತ್ತದೆ ಎಂದರೆ ಅದು ಸಣ್ಣ ನಷ್ಟವಲ್ಲ. ಕಪ್ಪಿಗೆ ಒಂದು ಚಮಚ ಸಕ್ಕರೆ ಹೆಚ್ಚು ಬಿದ್ದರೆ ತಿಂಗಳ ಕೊನೆಗೆ ಏನಾಗುತ್ತದೆಂಬುದನ್ನು ಹೋಟೇಲಿನವರಿಗೆ ವಿವರಿಸಬೇಕಾಗಿಲ್ಲ.

ಈ ನಷ್ಟ ಎಲ್ಲಿ ಆಗುತ್ತದೆ? ಗೋಡೆಯ ಗಡಿಯಾರದ ಲೋಲಕವನ್ನು ನೋಡಿ. ಒಮ್ಮೆ ತಳ್ಳಿದರೆ ಅದು ಬಹಳ ಹೊತ್ತು ತೂಗುತ್ತದೆ. ಏರಿದಾಗ ಕೂಡಿಟ್ಟ ಶಕ್ತಿಯನ್ನು ಇಳಿಯುವಾಗ ವೇಗವನ್ನಾಗಿ ಮಾಡಿಕೊಳ್ಳುತ್ತದೆ. ಮನುಷ್ಯನ ನಡಿಗೆಯೂ ಹೀಗೆಯೇ, ಆದರೆ ತಲೆಕೆಳಗಾದ ಲೋಲಕದಂತೆ. ಊರಿದ ಪಾದವೇ ಕೀಲು. ಅದರ ಮೇಲೆ ಮೈಯು ಸ್ವಲ್ಪ ಏರಿ, ಮುಂದಕ್ಕೆ ಬಾಗಿ ಇಳಿಯುತ್ತದೆ. ಈ ತೂಗಾಟವು ಸರಾಗವಾಗಿದ್ದರೆ ಸ್ನಾಯುಗಳಿಗೆ ಕೆಲಸ ಕಡಿಮೆ. ಆದರೆ ಅವಸರಪಟ್ಟು ಕಾಲನ್ನು ಬಹಳ ಮುಂದಕ್ಕೆ ಚಾಚಿ, ಮೊಣಕಾಲನ್ನು ನೆಟ್ಟಗೆ ಮಾಡಿ, ಹಿಮ್ಮಡಿಯನ್ನು ಕುಕ್ಕಿದರೆ ಆ ಕಾಲು ಪ್ರತಿಸಲವೂ ಬ್ರೇಕು ಹಾಕಿದಂತೆ ಮೈಯನ್ನು ತಡೆಯುತ್ತದೆ. ತಡೆದ ಮೈಯನ್ನು ಮತ್ತೆ ತಳ್ಳಬೇಕು. ಬ್ರೇಕು ಹಾಕುತ್ತ ಹಾಕುತ್ತಲೇ ಎಂಜಿನು ಓಡಿಸಿದಂತಾಯಿತು.

ಆದುದರಿಂದ ಮೊದಲನೆಯ ಪಾಠ ಇಷ್ಟೆ: ಹೆಜ್ಜೆಯನ್ನು ಚಿಕ್ಕದು ಮಾಡಿರಿ. ಪಾದವು ಮೈಗಿಂತ ಬಹಳ ಮುಂದೆ ಬೀಳದೆ ಆದಷ್ಟು ಮೈಯ ಕೆಳಗೇ ಬೀಳಲಿ. ಮೊಣಕಾಲು ತುಸು ಸಡಿಲವಾಗಿರಲಿ. ಹಿಮ್ಮಡಿಯು ಮೆತ್ತಗೆ ನೆಲ ಮುಟ್ಟಿ, ಭಾರವು ಅಂಗಾಲಿನ ಮೇಲೆ ಉರುಳಿ, ಹೆಬ್ಬೆರಳಿನ ಬುಡದಿಂದ ಮುಂದಕ್ಕೆ ಒತ್ತಲ್ಪಡಲಿ. ಬೇಗ ಹೋಗಬೇಕೆಂದರೆ ಹೆಜ್ಜೆಯನ್ನು ಉದ್ದ ಮಾಡಬಾರದು. ಮಿನಿಟಿಗೆ ಇಡುವ ಹೆಜ್ಜೆಗಳನ್ನು ಹೆಚ್ಚಿಸಬೇಕು. ಸಮತಲದಲ್ಲಿ ಮಿನಿಟಿಗೆ ನೂರಕ್ಕೆ ಮೇಲ್ಪಟ್ಟು ಹೆಜ್ಜೆಗಳು ಸಹಜವಾಗಿ ಬೀಳುತ್ತವೆ. ನಿಮ್ಮ ಹೆಜ್ಜೆಯ ಸದ್ದನ್ನು ನೀವೇ ಕೇಳಿರಿ. ಧಪಧಪ ಎಂದು ಕೇಳಿದರೆ ಶಕ್ತಿಯು ನೆಲಕ್ಕೆ ಸೋರಿಹೋಗುತ್ತಿದೆ ಎಂದರ್ಥ.

ಮೇಲಿನ ಮೈಯೂ ಇದಕ್ಕೆ ಒದಗಿ ಬರಬೇಕು. ತಲೆಯನ್ನು ತಗ್ಗಿಸಿ ಪಾದಗಳನ್ನೇ ನೋಡುತ್ತ ನಡೆದರೆ ಕುತ್ತಿಗೆ ನೋಯುತ್ತದೆ, ಎದೆ ಮುಚ್ಚಿಕೊಂಡು ಉಸಿರು ಕಿರಿದಾಗುತ್ತದೆ. ಹತ್ತು ಹನ್ನೆರಡು ಅಡಿ ಮುಂದಿನ ನೆಲವನ್ನು ನೋಡಿ ದಾರಿಯನ್ನು ಆರಿಸಿಕೊಳ್ಳಬೇಕು. ಭುಜಗಳು ಸಡಿಲವಾಗಿರಲಿ. ಕೈಗಳು ಖಾಲಿಯಾಗಿದ್ದು ತಾವಾಗಿ ಬೀಸಾಡಲಿ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಮೊಬೈಲು ಹಿಡಿದವನ ಮೈಯು ಸಮತೋಲವನ್ನು ಕಳೆದುಕೊಳ್ಳುತ್ತದೆ. ಕಲ್ಲು ಎಡವಿದಾಗ ಆಸರೆ ಹಿಡಿಯಲು ಅವನಿಗೆ ಕೈಯೇ ಇರುವುದಿಲ್ಲ.

ವೇಗ ಮತ್ತು ವಿಶ್ರಾಂತಿ

ನಮ್ಮ ಹುಡುಗರು ಮಾಡುವ ದೊಡ್ಡ ತಪ್ಪೆಂದರೆ ಮೊದಲನೆಯ ಅರ್ಧ ಗಂಟೆಯಲ್ಲಿಯೇ ಓಟದ ಪಂದ್ಯ ಹೂಡುವುದು. ತಣ್ಣಗಿರುವ ಸ್ನಾಯುಗಳು ಬೆಚ್ಚಗಾಗಲು, ಹೃದಯವೂ ಉಸಿರೂ ಕೆಲಸಕ್ಕೆ ಹೊಂದಿಕೊಳ್ಳಲು ಹತ್ತು ಹದಿನೈದು ಮಿನಿಟು ಬೇಕು. ಆದುದರಿಂದ ಆರಂಭವು ನಾಚಿಕೆಯಾಗುವಷ್ಟು ನಿಧಾನವಾಗಿರಲಿ. ಅನಂತರದ ವೇಗಕ್ಕೆ ಒಂದು ಸುಲಭದ ಅಳತೆಯಿದೆ. ಜೊತೆಗಾರನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುತ್ತಿದ್ದರೆ ವೇಗವು ಸರಿಯಾಗಿದೆ. ಎರಡು ಶಬ್ದಕ್ಕೊಮ್ಮೆ ಉಸಿರೆಳೆಯಬೇಕಾಗಿ ಬಂದರೆ ನಿಧಾನ ಮಾಡಬೇಕು.

ಎಷ್ಟು ಹೊತ್ತು ಬೇಕಾದೀತೆಂಬುದನ್ನು ಮೊದಲೇ ಎಣಿಸಿಕೊಳ್ಳುವುದಕ್ಕೂ ಒಂದು ಸೂತ್ರವುಂಟು. 1892ರಲ್ಲಿ ಸ್ಕಾಟ್ಲಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಎಂಬಾತನು ಅದನ್ನು ಹೇಳಿದನು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ. ಮಾಥೇರಾನಿಗೆ ಈ ಲೆಕ್ಕದಲ್ಲಿ ದೂರಕ್ಕೆ ಎರಡು ಕಾಲು ಗಂಟೆ, ಏರಿಗೆ ಒಂದು ಕಾಲು ಗಂಟೆ, ಒಟ್ಟು ಮೂರುವರೆ ಗಂಟೆ. ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಹೊಸಬನು ನಾಲ್ಕುವರೆ ಗಂಟೆಯೆಂದೇ ಹಿಡಿಯಬೇಕು. ರಜೆಗೆ ಊರಿಗೆ ಹೋದಾಗ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತುವ ಉತ್ಸಾಹವಿರುವವರು ಇದೇ ಲೆಕ್ಕ ಹಾಕಿ ನೋಡಲಿ. ಶಿಖರದ ಎತ್ತರ 1,712 ಮೀಟರು, ಏರು ಸುಮಾರು 1,600 ಮೀಟರು, ಒಮ್ಮುಖ ದಾರಿ ಸುಮಾರು 13 ಕಿಲೋಮೀಟರು. ವಿಶ್ರಾಂತಿಯನ್ನು ಬಿಟ್ಟೇ ಐದೂಕಾಲು ಗಂಟೆಯಾಯಿತು. ಅರಣ್ಯ ಇಲಾಖೆಯ ಅನುಮತಿಯೂ, ಹಲವು ವಾರಗಳ ಅಭ್ಯಾಸವೂ ಇಲ್ಲದೆ ಹೊರಡತಕ್ಕ ದಾರಿ ಅದಲ್ಲ.

ನಿಧಾನದಲ್ಲಿ ಎಂಥ ಶಕ್ತಿಯಿದೆಯೆಂಬುದನ್ನು ನೇಪಾಳದ ಹೊರೆಯಾಳುಗಳಿಂದ ಕಲಿಯಬೇಕು. ಎವರೆಸ್ಟಿನ ದಾರಿಯಲ್ಲಿರುವ ನಾಮ್ಚೆಯ ಸಂತೆಗೆ ಸರಕು ಹೊರುವ ಇವರನ್ನು ಯುರೋಪಿನ ವಿಜ್ಞಾನಿಗಳು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯು ಜಗತ್ತನ್ನು ಬೆರಗುಗೊಳಿಸಿತು. ಸುಮಾರು 100 ಕಿಲೋಮೀಟರಿನ, ಏರಿಳಿತಗಳಿಂದ ತುಂಬಿದ ಆ ದಾರಿಯಲ್ಲಿ ಗಂಡಾಳುಗಳು ಸರಾಸರಿಯಾಗಿ ತಮ್ಮ ಮೈತೂಕದ ಶೇಕಡಾ 90ಕ್ಕೂ ಹೆಚ್ಚು ಭಾರವನ್ನು ಹಣೆಪಟ್ಟಿಯ ಆಧಾರದಿಂದ ಹೊತ್ತು ನಡೆಯುತ್ತಿದ್ದರು. ಅವರು ಮೈಕಟ್ಟಿನ ಜಟ್ಟಿಗಳಲ್ಲ. ಬಹಳ ನಿಧಾನವಾಗಿ ನಡೆಯುವುದು, ಪದೇ ಪದೇ ಸ್ವಲ್ಪಸ್ವಲ್ಪ ನಿಲ್ಲುವುದು, ಹೀಗೆ ದಿನಕ್ಕೆ ಅನೇಕ ಗಂಟೆ ಸಾಗುವುದು, ಇದೇ ಅವರ ಕ್ರಮ. ನಿಲ್ಲುವಾಗಲೂ ಹೊರೆಯನ್ನು ಕೆಳಗಿಳಿಸದೆ ಇಂಗ್ಲಿಷಿನ 'ಟಿ' ಅಕ್ಷರದಂತಹ ಊರುಗೋಲಿನ ಮೇಲೆ ಅದನ್ನು ಆನಿಸುತ್ತಾರೆ.

ನಮ್ಮ ದೇಶದ ಚರಿತ್ರೆಯಲ್ಲಿಯೂ ಇದಕ್ಕೆ ದೊಡ್ಡ ದೃಷ್ಟಾಂತವಿದೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರು ಏಪ್ರಿಲ್ 5ರಂದು ದಂಡಿಯನ್ನು ತಲುಪಿದರು. ದೂರ ಸುಮಾರು 385 ಕಿಲೋಮೀಟರು; ಮಹಾತ್ಮರ ವಯಸ್ಸು ಅರುವತ್ತು. ಅವರೊಡನೆ ನಡೆದವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವರೂ ಇದ್ದರು. ಅವರಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಹಗಲೆಲ್ಲ ಬಿಸಿಲಿನಲ್ಲಿ ನುಗ್ಗದೆ ಮುಂಜಾನೆ ಮತ್ತು ಸಂಜೆ ನಡೆಯುವುದು, ದಿನಕ್ಕೆ ಸರಾಸರಿ 16 ಕಿಲೋಮೀಟರು ಸಾಗುವುದು, ಸೋಮವಾರ ತಂಗುವುದು ಎಂಬ ಕ್ರಮವನ್ನು ಅವರು ಪಾಲಿಸಿದರು. ಅರುವತ್ತರ ವೃದ್ಧರನ್ನೂ ಹದಿಹರೆಯದ ತರುಣನನ್ನೂ ಒಂದೇ ಗುಂಪಿನಲ್ಲಿ ಗುರಿ ಮುಟ್ಟಿಸಿದ್ದು ಈ ಕ್ರಮವೇ. ಆಳಂದಿಯಿಂದ ಪಂಢರಪುರಕ್ಕೆ ಮೂರು ವಾರಗಳಷ್ಟು ಕಾಲ ಸುಮಾರು 250 ಕಿಲೋಮೀಟರು ನಡೆಯುವ ವಾರಕರಿಗಳನ್ನು ನೋಡಿದರೂ ಇದೇ ಪಾಠ. ತಾಳದ ಲಯಕ್ಕೆ ಹೆಜ್ಜೆ, ಗೊತ್ತಾದ ಸ್ಥಳದಲ್ಲಿ ತಂಗುವಿಕೆ.

ನಾವೂ ಗಂಟೆಗೊಮ್ಮೆ ಐದರಿಂದ ಹತ್ತು ಮಿನಿಟು ನಿಲ್ಲಬೇಕು. ಸುಸ್ತಾದ ಮೇಲೆ ನಿಲ್ಲುವುದಲ್ಲ, ಸುಸ್ತಾಗುವ ಮುಂಚೆ ನಿಲ್ಲುವುದು. ಅರ್ಧ ಗಂಟೆ ಕುಳಿತುಬಿಟ್ಟರೆ ಸ್ನಾಯುಗಳು ತಣ್ಣಗಾಗಿ ಬಿಗಿಯುತ್ತವೆ. ಗುಂಪಿನಲ್ಲಿ ಹೋಗುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವನನ್ನು ಮುಂದೆ ಬಿಡಿರಿ. ಅವನನ್ನು ಹಿಂದೆ ಬಿಟ್ಟರೆ, ಮುಂದಿನವರು ಕಾದು ಕುಳಿತಿದ್ದು ಅವನು ಏದುತ್ತ ಬಂದು ಸೇರುವ ಹೊತ್ತಿಗೆ ಎದ್ದು ಹೊರಡುತ್ತಾರೆ; ವಿಶ್ರಾಂತಿ ಬೇಕಾದವನಿಗೇ ಅದು ಸಿಗುವುದಿಲ್ಲ.

ಏರುವ ಕ್ರಮ

ಏರಿನಲ್ಲಿ ಹೆಜ್ಜೆಯು ಇನ್ನೂ ಚಿಕ್ಕದಾಗಬೇಕು. ಎತ್ತರದ ಒಂದು ಕಲ್ಲನ್ನು ಒಮ್ಮೆಲೇ ಹತ್ತುವುದಕ್ಕಿಂತ ನಡುವೆ ಇನ್ನೊಂದು ಸಣ್ಣ ಕಲ್ಲಿನ ಮೇಲೆ ಕಾಲಿಟ್ಟು ಎರಡು ಹೆಜ್ಜೆಗಳಲ್ಲಿ ಹತ್ತುವುದು ಲೇಸು. ತುದಿಗಾಲಿನಲ್ಲಿ ಏರಿದರೆ ಮೀನಖಂಡವು ಬೇಗ ಸೋಲುತ್ತದೆ. ಆದಷ್ಟು ಪೂರ್ಣ ಪಾದವನ್ನು ಊರಬೇಕು. ದಾರಿ ಅಗಲವಾಗಿದ್ದರೆ ನೇರವಾಗಿ ಏರದೆ ಓರೆಯೋರೆಯಾಗಿ ಹೋದರೆ ಕಡಿದು ತಗ್ಗುತ್ತದೆ. ಮುಂದಕ್ಕೆ ಬಾಗುವುದಾದರೆ ಸೊಂಟದಿಂದ ಮುರಿದು ಬಾಗಬಾರದು. ಇಡೀ ಮೈಯು ಪಾದದ ಗಂಟಿನಿಂದಲೇ ತುಸು ಮುಂದಕ್ಕೆ ವಾಲಬೇಕು.

ಪರ್ವತಾರೋಹಿಗಳು ಬಳಸುವ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. ಅದನ್ನು ತಂಗುಹೆಜ್ಜೆ ಎಂದು ಕರೆಯೋಣ. ಮುಂದಿನ ಪಾದವನ್ನು ಮೇಲೆ ಇಟ್ಟ ಕೂಡಲೇ ಅದರ ಮೇಲೆ ಭಾರ ಹಾಕಬಾರದು. ಹಿಂದಿನ ಕಾಲಿನ ಮೊಣಕಾಲನ್ನು ನೆಟ್ಟಗೆ ಮಾಡಿ, ಮೈಭಾರವನ್ನೆಲ್ಲ ಒಂದು ಕ್ಷಣ ಅದರ ಮೇಲೆಯೇ ಬಿಡಬೇಕು. ಆಗ ಭಾರವನ್ನು ಬಹುಮಟ್ಟಿಗೆ ಎಲುಬು ಹೊರುತ್ತದೆ. ತೊಡೆಯ ಸ್ನಾಯುವಿಗೆ ಆ ಕ್ಷಣ ಬಿಡುವು. ಆ ಬಿಡುವಿನಲ್ಲಿ ಒಂದು ಉಸಿರು. ಮತ್ತೆ ಮುಂದಿನ ಹೆಜ್ಜೆ. ನೋಡುವವರಿಗೆ ಇದು ಮದುವೆಯ ಮೆರವಣಿಗೆಯಂತೆ ಕಾಣಬಹುದು. ಆದರೆ ಕಡಿದಾದ ಏರಿನಲ್ಲಿ ಹೀಗೆ ನಡೆಯುವವನು ನಿಲ್ಲದೆ ಸಾಗುತ್ತಾನೆ. ಓಡಿ ಹತ್ತುವವನು ನೂರು ಅಡಿಗೊಮ್ಮೆ ಮೊಣಕಾಲಿಗೆ ಕೈಯೂರಿ ನಿಲ್ಲುತ್ತಾನೆ.

ಇಳಿಯುವುದರಲ್ಲಿದೆ ಗುಟ್ಟು

ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಕಾಲು ಸೋಲುತ್ತದೆ. ಮಂಗಳವಾರದ ಆ ನೋವಿಗೆ ಮುಖ್ಯ ಕಾರಣ ಹತ್ತಿದ್ದಲ್ಲ, ಇಳಿದದ್ದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರವನ್ನು ತಡೆಯುತ್ತ ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ಈ ವಿಧದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಗಾಯಗಳಾಗುತ್ತವೆ. ಅದರ ನೋವು ಕೂಡಲೇ ತಿಳಿಯದೆ ಒಂದರಿಂದ ಮೂರು ದಿನಗಳೊಳಗೆ ಉಚ್ಛ್ರಾಯಕ್ಕೆ ಬರುತ್ತದೆ.

ಇಳಿಯುವಾಗ ಮೊಣಕಾಲುಗಳು ಸದಾ ತುಸು ಬಾಗಿರಲಿ. ಹೆಜ್ಜೆ ಚಿಕ್ಕದಾಗಿರಲಿ, ಮೆತ್ತಗಿರಲಿ. ಹೆದರಿ ಹಿಂದಕ್ಕೆ ವಾಲುವವನೇ ಹೆಚ್ಚಾಗಿ ಜಾರುತ್ತಾನೆ. ಏಕೆಂದರೆ ಆಗ ಭಾರವು ಹಿಮ್ಮಡಿಯ ಅಂಚಿಗೆ ಹೋಗುತ್ತದೆ. ಮೈಭಾರವು ಪಾದದ ಮೇಲೆಯೇ ಇರಬೇಕು. ಸಡಿಲವಾದ ಜಲ್ಲಿಯಿರುವಲ್ಲಿ ಪಾದವನ್ನು ಅಡ್ಡವಾಗಿಟ್ಟು ಇಳಿಯಬೇಕು. ಪಾಚಿ ಹಿಡಿದ ಒದ್ದೆ ಕಲ್ಲನ್ನು ನಂಬಬಾರದು. ಓಡಿ ಇಳಿಯುವ ಚಪಲವನ್ನಂತೂ ಪೂರ್ತಿಯಾಗಿ ಬಿಡಬೇಕು.

ಒಂದು ಊರುಗೋಲು ಇದ್ದರೆ ಬಹಳ ಉಪಕಾರ. ಎರಡು ಕೋಲುಗಳನ್ನು ಊರಿ ಇಳಿಯುವಾಗ ಮೊಣಕಾಲಿನ ಮೇಲಿನ ಭಾರವು ಶೇಕಡಾ 12ರಿಂದ 25ರಷ್ಟು ತಗ್ಗುತ್ತದೆಂದು 1999ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿದೆ. ಅಂಗಡಿಯ ಅಲ್ಯುಮಿನಿಯಂ ಕೋಲೇ ಆಗಬೇಕೆಂದಿಲ್ಲ. ಗಟ್ಟಿಯಾದ ಬಿದಿರಿನ ಕೋಲೂ ಆದೀತು. ನೆಲಕ್ಕೆ ಊರಿ ಹಿಡಿದಾಗ ಮೊಣಕೈ ಚೌಕವಾಗಿ ಬಾಗುವಷ್ಟು ಉದ್ದ ಸರಿ. ಇಳಿಜಾರಿನಲ್ಲಿ ಅದಕ್ಕಿಂತ ತುಸು ಉದ್ದ ಬೇಕು.

ಮೊದಲನೆಯ ಸಲ ಹೋಗುವ ಹೋಟೇಲು ಬಂಧುಗಳಿಗೆ ನಮ್ಮದೊಂದು ಸೂಚನೆ. ಮಾಥೇರಾನನ್ನು ನಡೆದು ಹತ್ತಿರಿ. ಇಳಿಯುವಾಗ ದಸ್ತೂರಿ ನಾಕಾದಿಂದ ನೇರಳಿಗೆ ಪಾಲಿನ ಟ್ಯಾಕ್ಸಿ ಹಿಡಿಯಿರಿ. ಇದರಲ್ಲಿ ಅವಮಾನವೇನೂ ಇಲ್ಲ. ಮರುದಿನದ ದುಡಿಮೆಯನ್ನು ಉಳಿಸಿಕೊಂಡ ಜಾಣತನ ಅದು.

ಪಾದರಕ್ಷೆ ಮತ್ತು ನೀರುಗುಳ್ಳೆ

ಬೆಲೆಬಾಳುವ ದಪ್ಪ ಬೂಟು ಬೇಕೇಬೇಕೆಂಬುದು ಭ್ರಮೆ. 1969ರಲ್ಲಿ ಅಮೆರಿಕದ ಸಂಶೋಧಕರಾದ ಸೂಲ್ ಮತ್ತು ಗೋಲ್ಡ್‌ಮನ್ ಎಂಬವರು ಅಳೆದು ತೋರಿಸಿದಂತೆ, ಪಾದದಲ್ಲಿ ಹೊತ್ತ ಭಾರವು ಮೈಮೇಲೆ ಹೊತ್ತ ಅಷ್ಟೇ ಭಾರಕ್ಕಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚಿನ ಶಕ್ತಿಯನ್ನು ಬೇಡುತ್ತದೆ. ಆದುದರಿಂದ ಹಗುರಾದ, ಅಡಿ ಹಿಡಿತವುಳ್ಳ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಸಾಧಾರಣ ಶೂ ಸಾಕು. ರಬ್ಬರಿನ ಹವಾಯಿ ಚಪ್ಪಲಿ ಮಾತ್ರ ಬೇಡ. ಅದು ಕಳಚದಂತೆ ಬೆರಳುಗಳು ಪ್ರತಿ ಹೆಜ್ಜೆಯಲ್ಲಿಯೂ ಅದನ್ನು ಹಿಡಿದುಕೊಳ್ಳಬೇಕಾಗುತ್ತದೆ.

ಶೂವನ್ನು ಸಂಜೆಯ ಹೊತ್ತು ಕೊಳ್ಳಿರಿ. ದಿನದ ಕೊನೆಗೆ ಪಾದವು ಊದಿರುತ್ತದೆ, ನಡಿಗೆಯಲ್ಲಿಯೂ ಹಾಗೆಯೇ ಊದುತ್ತದೆ. ಬೆರಳಿನ ಮುಂದೆ ಹೆಬ್ಬೆರಳಿನಗಲದ ಜಾಗವಿರಲಿ, ಇಲ್ಲವಾದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಹೊಸ ಶೂವನ್ನು ಬೆಟ್ಟದಲ್ಲಿಯೇ ಮೊದಲು ಹಾಕಬಾರದು. ಎರಡು ವಾರ ಕೆಲಸದಲ್ಲಿ ಹಾಕಿ ಪಳಗಿಸಬೇಕು. ಇಳಿಯುವ ಮೊದಲು ಕುಣಿಕೆಯನ್ನು ಪಾದದ ಗಂಟಿನ ಬಳಿ ಬಿಗಿಮಾಡಬೇಕು.

ನೀರುಗುಳ್ಳೆಯ ತಾಯಿ ಉಜ್ಜುವಿಕೆ, ತಂದೆ ಬೆವರು. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಉಣ್ಣೆಯದೋ ನೈಲಾನ್ ಬೆರೆತದ್ದೋ ಮೇಲು. ಇನ್ನೊಂದು ಜೊತೆ ಚೀಲದಲ್ಲಿರಲಿ. ಔಷಧದಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಕಾಗದದ ಪಟ್ಟಿಯನ್ನು ಹಿಮ್ಮಡಿಗೂ ಬೆರಳುಗಳಿಗೂ ಮೊದಲೇ ಅಂಟಿಸಿಕೊಂಡ ದೂರದ ಓಟಗಾರರಲ್ಲಿ ಗುಳ್ಳೆಗಳು ಸುಮಾರು ಶೇಕಡಾ 40ರಷ್ಟು ಕಡಿಮೆಯಾದವೆಂದು 2016ರ ಅಧ್ಯಯನವೊಂದು ಹೇಳುತ್ತದೆ. ದಾರಿಯಲ್ಲಿ ಎಲ್ಲಿಯಾದರೂ ಬಿಸಿಯಾಗಿ ಉರಿಯತೊಡಗಿದರೆ, "ಮೇಲೆ ಹೋಗಿ ನೋಡೋಣ" ಎನ್ನದೆ ಅಲ್ಲಿಯೇ ಕುಳಿತು ಪಟ್ಟಿ ಅಂಟಿಸಬೇಕು.

ಚೀಲ, ಬುತ್ತಿ, ನೀರು

ಒಂದು ದಿನದ ನಡಿಗೆಗೆ ನಾಲ್ಕೈದು ಕಿಲೋ ಭಾರ ಸಾಕು. ಒಂದೇ ಹೆಗಲಿಗೆ ತೂಗುವ ಚೀಲವು ಬೆನ್ನನ್ನು ಓರೆ ಮಾಡುತ್ತದೆ. ಎರಡು ಪಟ್ಟಿಗಳ ಬೆನ್ನಚೀಲವೇ ಬೇಕು. ಭಾರವಾದ ನೀರಿನ ಬಾಟಲಿಗಳು ಬೆನ್ನಿಗೆ ತಾಗಿದಂತೆ ಇರಲಿ.

ಬುತ್ತಿಯ ವಿಷಯದಲ್ಲಿ ಹೋಟೇಲಿನವರಿಗೆ ಹೇಳುವುದೇನಿದೆ? ಎಣ್ಣೆಯಲ್ಲಿ ಕರಿದದ್ದು ಬೇಡ ಎಂಬುದೊಂದೇ ಮಾತು. ಚಪಾತಿ, ಇಡ್ಲಿ, ಬಾಳೆಹಣ್ಣು, ಶೇಂಗಾ ಚಿಕ್ಕಿ, ಹುರಿಗಡಲೆ ಇವು ಸಾಕು. ಒಮ್ಮೆಗೆ ಹೊಟ್ಟೆ ಬಿರಿಯ ಉಣ್ಣದೆ ಪ್ರತಿ ತಂಗುವಿಕೆಯಲ್ಲಿ ಸ್ವಲ್ಪ ಸ್ವಲ್ಪ ತಿನ್ನಬೇಕು. ನೀರನ್ನೂ ಬಾಯಾರಿದಂತೆಲ್ಲ ಗುಟುಕು ಗುಟುಕಾಗಿ ಕುಡಿಯಬೇಕು. ಬಹಳ ಬೆವರಿದಾಗ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದೂ ಒಳ್ಳೆಯದಲ್ಲ, ಏಕೆಂದರೆ ರಕ್ತದಲ್ಲಿ ಉಪ್ಪಿನ ಅಂಶ ತಗ್ಗುತ್ತದೆ. ಉಪ್ಪು ಸಕ್ಕರೆ ಬೆರೆತ ನಿಂಬೆಹುಳಿಯ ಶರಬತ್ತು ಆಗ ಹಿತ.

ನಾಲ್ಕು ವಾರಗಳ ಅಭ್ಯಾಸ

ಬೆಟ್ಟಕ್ಕೆ ಹೋಗುವ ನಾಲ್ಕು ವಾರ ಮೊದಲೇ ಸಿದ್ಧತೆ ಪ್ರಾರಂಭವಾಗಲಿ. ಮೊದಲನೆಯ ವಾರ, ಕೆಲಸಕ್ಕೆ ಬರುವಾಗಲೋ ಹೋಗುವಾಗಲೋ ದಿನಕ್ಕೆ ಅರ್ಧ ಗಂಟೆ ಹೆಜ್ಜೆಯ ಕಡೆಗೆ ಗಮನವಿಟ್ಟು ನಡೆಯಿರಿ. ಎರಡನೆಯ ವಾರ, ಲಿಫ್ಟನ್ನು ಬಿಟ್ಟು ಚಾಳಿನ ಅಥವಾ ಕಚೇರಿಯ ಮೆಟ್ಟಲುಗಳನ್ನು ಹತ್ತಿ ಇಳಿಯಿರಿ. ಈ ಇಳಿಯುವಿಕೆಗೆ ಹೆಚ್ಚಿನ ಮಹತ್ವವಿದೆ. ಒಮ್ಮೆ ಇಳಿದು ನೊಂದ ಸ್ನಾಯುವು ಗುಣವಾದ ಬಳಿಕ ಕೆಲವು ವಾರಗಳ ತನಕ ಅಂಥದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲವೆಂಬುದು ಸಿದ್ಧವಾದ ಸಂಗತಿ. ದಿನಕ್ಕೆ ಹತ್ತು ಮಿನಿಟು ಸಾವಕಾಶವಾಗಿ ಮೆಟ್ಟಲಿಳಿದವನು ಬೆಟ್ಟದ ಸಾಲವನ್ನು ಕಂತುಕಂತಾಗಿ ಮೊದಲೇ ತೀರಿಸಿದಂತೆ. ಮೂರನೆಯ ವಾರದ ರಜೆಯಲ್ಲಿ ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಕಾನ್ಹೇರಿ ಗುಹೆಗಳ ವರೆಗೆ ಚೀಲ ಹೊತ್ತು ನಡೆದು ಬನ್ನಿರಿ. ನಾಲ್ಕನೆಯ ವಾರದಲ್ಲಿ ದಣಿವು ತರುವ ಯಾವುದನ್ನೂ ಮಾಡದೆ ದಿನದ ಅರ್ಧ ಗಂಟೆಯ ನಡಿಗೆಯನ್ನಷ್ಟೇ ಇಟ್ಟುಕೊಳ್ಳಿರಿ. ಮುಂಬಯಿಯ ಹೊರಗಿರುವ ಪುಣೆ, ಹೈದರಾಬಾದು, ಮದ್ರಾಸುಗಳ ಬಂಧುಗಳು ತಮ್ಮ ಊರಿನ ಗುಡ್ಡಗಳನ್ನು ಇದೇ ಕ್ರಮದಲ್ಲಿ ಆರಿಸಿಕೊಳ್ಳಬಹುದು.

ಕೆಲವು ಎಚ್ಚರಿಕೆಗಳನ್ನು ಹೇಳದೆ ಇರುವಂತಿಲ್ಲ. ಎದೆನೋವು, ತಲೆಸುತ್ತು, ಅಸಾಧಾರಣ ಉಬ್ಬಸ ಕಂಡರೆ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಸಿಹಿಮೂತ್ರ ರೋಗವುಳ್ಳವರಿಗೆ ಪಾದದ ಸ್ಪರ್ಶ ಕಡಿಮೆಯಾಗಿ ಗಾಯವಾದದ್ದೇ ತಿಳಿಯದಿರಬಹುದು. ಅವರು ವೈದ್ಯರನ್ನು ಕೇಳಿಯೇ ಹೊರಡಬೇಕು, ಪ್ರತಿ ತಂಗುವಿಕೆಯಲ್ಲಿ ಪಾದಗಳನ್ನು ನೋಡಿಕೊಳ್ಳಬೇಕು. ಮಳೆಯಲ್ಲಿ ಉಕ್ಕುವ ಹಳ್ಳವನ್ನು ದಾಟುವ ಸಾಹಸ ಬೇಡ. ಫೋಟೋಕ್ಕಾಗಿ ಬಂಡೆಯ ಅಂಚಿಗೆ ಹೋಗುವುದು ಬೇಡವೇ ಬೇಡ. ನಿಮ್ಮ ಮನಿಯಾರ್ಡರನ್ನು ಕಾದು ಊರಿನಲ್ಲಿ ಕುಳಿತಿದ್ದ ತಾಯಿ ಇಂದು ಮೊಬೈಲಿನ ಸದ್ದಿಗೆ ಕಾದಿದ್ದಾಳೆ. ಕಾಯುವಿಕೆ ಮಾತ್ರ ಅದೇ.

ಹಿಂತಿರುಗಿದ ರಾತ್ರಿ ಪಾದಗಳನ್ನು ತೊಳೆದು, ಒರೆಸಿ, ಗೋಡೆಗೆ ಕಾಲು ಚಾಚಿ ಕಾಲು ಗಂಟೆ ಮಲಗಿರಿ. ಮರುದಿನ ನೋವಿದ್ದರೂ ಮೆಲ್ಲನೆ ಓಡಾಡುತ್ತಿರಿ. ಪೂರ್ತಿ ಸುಮ್ಮನಿದ್ದರೆ ಬಿಗಿತ ಹೆಚ್ಚುತ್ತದೆ.

ಹೋಟೇಲು ಮಾಲೀಕರಾದ ಮಿತ್ರರಿಗೂ ಒಂದು ಮಾತು. ಬೆಟ್ಟಕ್ಕೆ ಹೋದ ಹುಡುಗನನ್ನು ಮರುದಿನ ಮಹಡಿಯ ಮೆಟ್ಟಲು ಹತ್ತಿಸಿ ಇಳಿಸಬೇಡಿರಿ. ಒಂದು ದಿನ ಗಲ್ಲೆಯ ಬಳಿಯ ಕೆಲಸ ಕೊಡಿರಿ. ಗಾಳಿ ಬೆಳಕು ಕಂಡು ಬಂದ ಹುಡುಗನ ಮುಖದಲ್ಲಿ ಗಿರಾಕಿಗಳಿಗೂ ಒಂದು ನಗು ಸಿಗುತ್ತದೆ. ಹುಡುಗರಾದರೋ ಮಾಲೀಕರಿಗೆ ತೊಂದರೆಯಾಗದಂತೆ ಹೋಗಿ ಬರುವ ವಿದ್ಯೆಯನ್ನು ಕಲಿಯಲಿ. ಅದಕ್ಕೆ ಹಣ ಬೇಕಾಗಿಲ್ಲ, ಶಾಲೆ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ಕೋಣೆಯಿಂದ ಕೆಲಸದ ಸ್ಥಳಕ್ಕೆ ಇಡುವ ಮೊದಲನೆಯ ಹೆಜ್ಜೆಯನ್ನು ತುಸು ಚಿಕ್ಕದಾಗಿ, ತುಸು ಮೆತ್ತಗೆ ಇಟ್ಟು ನೋಡಲಿ.